ಜಪಾನಿನ ಶಾಲೆಗಳನ್ನು ಕಂಡುಬಂದ ವಿಶ್ವೇಶ್ವರಯ್ಯನವರು

ಖಾನಾಪುರದ ಕಡೆಯಿಂದ ಸಂತೆಗಾಗಲಿ ಆಸ್ಪತ್ರೆಗಾಗಲಿ ಬೆಳಗಾವಿಗೆ ಹೋಗುವ ನಮ್ಮ ವಾಚಕರು ಮಚ್ಛೆಯ ಸಮೀಪದಲ್ಲಿ ಒಂದು ದೊಡ್ಡ ವಿಶ್ವವಿದ್ಯಾಲಯವಿರುವುದನ್ನು ಬಲ್ಲರು. 1998ರಲ್ಲಿ ಸ್ಥಾಪಿತವಾದ ಅದಕ್ಕೆ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರನ್ನಿಟ್ಟಿದ್ದಾರೆ. ಇವರು ಅಣೆಕಟ್ಟುಗಳನ್ನು ಕಟ್ಟಿಸಿದವರೆಂದು ಎಲ್ಲರೂ ಕೇಳಿದ್ದಾರೆ. ಶಾಲೆಗಳಿಗಾಗಿ ಪಟ್ಟ ಶ್ರಮವನ್ನು ಬಲ್ಲವರು ಕಡಿಮೆಯಾದುದರಿಂದ ನಾವು ಅದನ್ನೇ ಇಲ್ಲಿ ಹೇಳುವೆವು.

ಇವರು ಮುದ್ದೇನಹಳ್ಳಿಯೆಂಬ ಚಿಕ್ಕ ಗ್ರಾಮದಲ್ಲಿ ಹುಟ್ಟಿದರು. ಬಾಲ್ಯದಲ್ಲಿಯೇ ತಂದೆಯು ತೀರಿಕೊಂಡನು. ಬೆಂಗಳೂರಿನಲ್ಲಿ ಓದುವಾಗ ಇತರರ ಮಕ್ಕಳಿಗೆ ಪಾಠ ಹೇಳಿ ತಮ್ಮ ಖರ್ಚನ್ನು ಸಾಗಿಸಿಕೊಂಡರು. ಬಳಿಕ ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಿಂದ ಪುಣೆಗೆ ಹೋಗಿ, ಇಂಜಿನಿಯರಿಂಗ್ ವಿದ್ಯೆಯಲ್ಲಿ ಮೊದಲಿಗರಾಗಿ ತೇರ್ಗಡೆ ಹೊಂದಿ, 1884ರಲ್ಲಿ ಮುಂಬಯಿ ಸರ್ಕಾರದ ಸೇವೆಗೆ ಸೇರಿದರು. ನಮ್ಮ ಬೆಳಗಾವಿ ಜಿಲ್ಲೆಯೂ ಆಗ ಆ ಸರ್ಕಾರಕ್ಕೇ ಒಳಪಟ್ಟಿದ್ದಿತು.

1898ರಲ್ಲಿ ಇವರು ರಜೆ ಪಡೆದು ಜಪಾನ್ ದೇಶಕ್ಕೆ ಹೋದರು. ಮೂವತ್ತು ವರುಷಗಳ ಹಿಂದೆ ಆ ದೇಶವು ಹಳೆಯ ಆಳಿಕೆಯನ್ನು ಕಳಚಿ ಹೊಸ ದಾರಿಯನ್ನು ಹಿಡಿದಿದ್ದಿತು. ರೈಲುಮಾರ್ಗವನ್ನೂ ಕಾರಖಾನೆಗಳನ್ನೂ ಕಟ್ಟಿದಂತೆಯೇ, 1872ರಲ್ಲಿ ಗಂಡು ಹೆಣ್ಣೆಂಬ ಭೇದವಿಲ್ಲದೆ ಎಲ್ಲ ಮಕ್ಕಳೂ ಶಾಲೆಗೆ ಬರತಕ್ಕದ್ದೆಂದು ಅಲ್ಲಿಯ ಸರ್ಕಾರವು ಆಜ್ಞೆ ಹೊರಡಿಸಿತು. ಪರದೇಶಗಳಿಂದ ಉಪಾಧ್ಯಾಯರನ್ನು ಕರೆಸಿತು. ತನ್ನ ಯುವಕರನ್ನು ಹೊರದೇಶಗಳಿಗೆ ಓದಲು ಕಳುಹಿಸಿತು. ಇದೆಲ್ಲ ಸುಲಭವಾಗಿ ನಡೆಯಿತೆಂದು ಯಾರೂ ಎಣಿಸಬಾರದು. ಶುಲ್ಕವನ್ನೂ ತೆತ್ತು, ಹೊಲದ ಕೆಲಸಕ್ಕೆ ಬೇಕಾದ ಮಗನನ್ನೂ ಬಿಟ್ಟುಕೊಡಬೇಕೇ ಎಂದು ರೈತರು ಸಿಟ್ಟಾದರು. ಕೆಲವು ಕಡೆ ದಂಗೆಯೆದ್ದು ಶಾಲೆಗಳನ್ನೇ ಸುಟ್ಟರು. ಸುಗ್ಗಿ ಬಂದೊಡನೆ ಹುಡುಗನನ್ನು ಶಾಲೆಯಿಂದ ಬಿಡಿಸುವ ತಂದೆಗಳನ್ನು ನಾವೂ ಕಂಡಿದ್ದೇವಾದ್ದರಿಂದ ಅವರ ಸಂಕಟವು ನಮಗೆ ಅಪರಿಚಿತವಲ್ಲ. 1900ರಲ್ಲಿ ಪ್ರಾಥಮಿಕ ಶಾಲೆಗಳ ಶುಲ್ಕವನ್ನು ತೆಗೆದುಹಾಕಿದ ಮೇಲೆ, ಹತ್ತು ವರುಷಗಳೊಳಗೆ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಮಕ್ಕಳು ಶಾಲೆಯಲ್ಲಿದ್ದರು. ಅದೇ ಶಾಲೆಗಳು ಮುಂದೆ ಚಕ್ರವರ್ತಿಯ ಯುದ್ಧಗಳಿಗೆ ಹುಡುಗರ ಮನಸ್ಸನ್ನು ಹದಮಾಡಿದುದೂ ಸತ್ಯವೇ, ಅದನ್ನು ಮುಚ್ಚಿಡಲಾರೆವು.

ವಿಶ್ವೇಶ್ವರಯ್ಯನವರು ಜಪಾನಿನಲ್ಲಿ ಕಂಡುದನ್ನು ಮರೆಯಲಿಲ್ಲ. 1912ರಲ್ಲಿ ಮೈಸೂರಿನ ದಿವಾನರಾದ ಮರುವರುಷವೇ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಕಾನೂನು ಬಂದಿತು. ಗೊತ್ತುಮಾಡಿದ ಕೆಲವು ಸ್ಥಳಗಳಲ್ಲಿ ಮಾತ್ರ ಅದನ್ನು ಮೊದಲು ನಡೆಯಿಸಿದರು. ಆರು ವರುಷಗಳಲ್ಲಿ ಸಂಸ್ಥಾನದ ಶಾಲೆಗಳು ಸುಮಾರು 4,500ರಿಂದ 10,500ಕ್ಕೂ, ವಿದ್ಯಾರ್ಥಿಗಳು 1,40,000ದಿಂದ 3,66,000ಕ್ಕೂ ಏರಿದರು. ಹೆಬ್ಬಾಳದಲ್ಲಿ ಬೇಸಾಯದ ಶಾಲೆಯು ಏರ್ಪಟ್ಟಿತು. 1916ರಲ್ಲಿ ಮೈಸೂರು ವಿಶ್ವವಿದ್ಯಾಲಯವೂ, 1917ರಲ್ಲಿ ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜೂ ಪ್ರಾರಂಭವಾದವು. ಖಾನಾಪುರದವರಿಗೆ ಆ ಕಾನೂನಿನಿಂದ ಏನೂ ದೊರೆಯಲಿಲ್ಲ. ನಮ್ಮ ಸೀಮೆಯು ಮೈಸೂರಿನದಾಗಿರಲಿಲ್ಲ.

ಒಂದು ವಿಷಯದಲ್ಲಿ ನಾವು ಇವರೊಡನೆ ಒಡಂಬಡಲಾರೆವು. ಸರ್ಕಾರೀ ನೌಕರಿಗಳಲ್ಲಿ ಹಿಂದುಳಿದ ಜನಾಂಗಗಳಿಗೆ ಪಾಲನ್ನು ಮೀಸಲಿಡಬೇಕೆಂಬ ಕೂಗು ಎದ್ದಾಗ, ಯೋಗ್ಯತೆಯೊಂದನ್ನೇ ನೋಡಬೇಕೆಂದು ಇವರು ವಾದಿಸಿದರು. ಮಹಾರಾಜರ ಅಭಿಪ್ರಾಯವು ಬೇರೆಯಾಗಿದ್ದುದರಿಂದ ದಿವಾನಗಿರಿಯನ್ನೇ ಬಿಟ್ಟುಕೊಟ್ಟರು. ತಮಗೆ ಸರಿತೋರಿದುದಕ್ಕಾಗಿ ಪದವಿಯನ್ನು ತೊರೆದುದು ದೊಡ್ಡತನವೇ ಸರಿ. ಆದರೂ ತಲೆತಲಾಂತರದಿಂದ ಶಾಲೆಯ ಹೊಸ್ತಿಲನ್ನೇ ತುಳಿಯಗೊಡಿಸದ ಮನೆಯ ಮಗನನ್ನು, ಅಕ್ಷರದ ನಡುವೆಯೇ ಹುಟ್ಟಿದವನ ಪಕ್ಕದಲ್ಲಿ ನಿಲ್ಲಿಸಿ ಯೋಗ್ಯತೆಯನ್ನು ಅಳೆಯುವುದು ಸರಿಯಾದ ಅಳತೆಯೇ? ತಾವೂ ಬಡತನದಲ್ಲಿ ಓದಿದವರಾದರೂ, ಆ ಹೊಸ್ತಿಲು ಇವರಿಗೆ ಎಂದೂ ಅಡ್ಡವಾಗಿರಲಿಲ್ಲ.

1955ರಲ್ಲಿ ಇವರಿಗೆ ಭಾರತರತ್ನ ಪದವಿಯು ದೊರೆಯಿತು. ನೂರು ವರುಷ ತುಂಬಿದ ಮೇಲೆ 1962ನೆಯ ಎಪ್ರಿಲ್ ತಿಂಗಳಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. ಅವರ ಸಮಾಧಿಯು ಹುಟ್ಟೂರಾದ ಮುದ್ದೇನಹಳ್ಳಿಯಲ್ಲಿದೆ.