ನಮ್ಮ ಜಿಲ್ಲೆಯ ಮೊದಲ ಕಲೆಕ್ಟರ್ ಥಾಮಸ್ ಮನ್ರೋ

ರೈತವಾರಿ ಪದ್ಧತಿಯನ್ನು ಜಾರಿಗೆ ತಂದವರು ಯಾರು ಎಂದು ಪರೀಕ್ಷೆಯಲ್ಲಿ ಕೇಳಿದರೆ ಥಾಮಸ್ ಮನ್ರೋ ಎಂದು ಬರೆದು ನಾವು ಒಂದು ಅಂಕ ಪಡೆಯುತ್ತೇವೆ. ಅದೇ ಮನ್ರೋ ನಮ್ಮ ಕೆನರಾ ಜಿಲ್ಲೆಯ ಮೊದಲ ಬ್ರಿಟಿಷ್ ಕಲೆಕ್ಟರ್ ಆಗಿದ್ದರು, ನಮ್ಮ ಶಿರ್ವ ಸೇರಿದ ಈ ಕರಾವಳಿಗೆ ಕಂಪನಿಯ ಕಂದಾಯವನ್ನು ಮೊದಲು ಗೊತ್ತುಪಡಿಸಿದವರು ಅವರೇ ಎಂಬ ವಿಷಯ ನನ್ನ ಅನೇಕ ಸಹಪಾಠಿಗಳಿಗೆ ಗೊತ್ತಿಲ್ಲ. ಆದ್ದರಿಂದ ಅವರ ಜೀವನವನ್ನು ಚಿಕ್ಕದಾಗಿ ಇಲ್ಲಿ ಬರೆಯುತ್ತಿದ್ದೇನೆ.

ಮನ್ರೋ ಹುಟ್ಟಿದ್ದು 1761ರ ಮೇ 27ರಂದು ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ. ಬಾಲ್ಯದಲ್ಲಿ ಬಂದ ದಡಾರದಿಂದ ಅವರ ಕಿವಿ ಸ್ವಲ್ಪ ಮಂದವಾಯಿತು. ತಂದೆ ಅಮೆರಿಕದ ವರ್ಜೀನಿಯಾದೊಂದಿಗೆ ವ್ಯಾಪಾರ ಮಾಡುತ್ತಿದ್ದರು. ಅಮೆರಿಕದ ಜನ ಬ್ರಿಟಿಷರ ವಿರುದ್ಧ ಸ್ವಾತಂತ್ರ್ಯ ಯುದ್ಧಕ್ಕೆ ಇಳಿದಾಗ ಆ ವ್ಯಾಪಾರ ಮುಳುಗಿತು. ಮನೆಯ ಕಷ್ಟದಿಂದಾಗಿ ಮಗ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯಕ್ಕೆ ಸೇರಿ 1780ರ ಜನವರಿಯಲ್ಲಿ ಮದ್ರಾಸಿಗೆ ಬಂದಿಳಿದರು. ಒಂದು ದೇಶದವರು ಬ್ರಿಟಿಷರಿಂದ ಬಿಡಿಸಿಕೊಳ್ಳಲು ಮಾಡಿದ ಹೋರಾಟವೇ ಇನ್ನೊಂದು ದೇಶಕ್ಕೆ ಒಬ್ಬ ಆಡಳಿತಗಾರನನ್ನು ಕಳಿಸಿತು ಎಂದು ಓದಿದಾಗ ನನಗೆ ಆಶ್ಚರ್ಯವಾಯಿತು.

ಅದೇ ವರ್ಷ ಹೈದರಾಲಿಯೊಂದಿಗೆ ಎರಡನೇ ಮೈಸೂರು ಯುದ್ಧ ಆರಂಭವಾಯಿತು. ಮನ್ರೋ ಅದರಲ್ಲಿ ಹೋರಾಡಿದರು. ಬಿಡುವಿನಲ್ಲಿ ಪಾರ್ಸಿ ಮತ್ತು ಹಿಂದೂಸ್ತಾನಿ ಕಲಿತರು. 1792ರಲ್ಲಿ ಟಿಪ್ಪು ಸುಲ್ತಾನರು ಬಿಟ್ಟುಕೊಡಬೇಕಾಗಿ ಬಂದ ಬಾರಾಮಹಲ್ ಸೀಮೆಯಲ್ಲಿ, ಅಂದರೆ ಇಂದಿನ ಕೃಷ್ಣಗಿರಿ, ಧರ್ಮಪುರಿಯ ಕಡೆ, ಅಲೆಕ್ಸಾಂಡರ್ ರೀಡ್ ಎಂಬ ಅಧಿಕಾರಿಯ ಕೈಕೆಳಗೆ ಏಳು ವರ್ಷ ಕಂದಾಯದ ಕೆಲಸ ಕಲಿತರು. ರೈತವಾರಿ ಪದ್ಧತಿ ಹುಟ್ಟಿದ್ದು ಅಲ್ಲಿ.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಟಿಪ್ಪು ಹುತಾತ್ಮರಾದರು. ಅವರ ರಾಜ್ಯವನ್ನು ಹಂಚಿಕೊಂಡಾಗ ಕೆನರಾ ಕಂಪನಿಯ ಪಾಲಾಯಿತು. ಕಾರವಾರದಿಂದ ಕಾಸರಗೋಡಿನವರೆಗೆ ಹಬ್ಬಿದ ಈ ಜಿಲ್ಲೆಗೆ ಮನ್ರೋ ಅವರನ್ನು ನೇಮಿಸಿದರು. ಅವರಿಗೆ ಇಲ್ಲಿಗೆ ಬರಲು ಮನಸ್ಸಿರಲಿಲ್ಲ. ನಮ್ಮ ಮಳೆ, ಗಾಡಿ ಹೋಗದ ಗುಡ್ಡಗಳು, ದಾಟಲಾಗದ ಹೊಳೆಗಳು ಅವರಿಗೆ ಸಾಕಾಗಿ ಹೋಗಿದ್ದವು. ಡೇರೆ ಹಾಕಿಕೊಂಡು ಊರಿಂದ ಊರಿಗೆ ತಿರುಗಿದರು. ಜನ ಸುಲಭವಾಗಿ ಬಗ್ಗಲಿಲ್ಲ. ಕಂದಾಯ ಇಳಿಸದೆ ಲೆಕ್ಕಕ್ಕೆ ಬರುವುದಿಲ್ಲ ಎಂದು ಒಟ್ಟಾಗಿ ನಿಂತವರೂ ಇದ್ದರು.

ಮನ್ರೋ ಹೊಸದಾಗಿ ಏನನ್ನೂ ಕಂಡುಹಿಡಿಯಲಿಲ್ಲ. ಶಾನುಭೋಗರ ಮನೆಗಳಲ್ಲಿದ್ದ ಕಡತಗಳನ್ನು ತೆಗೆಸಿ ನೋಡಿದರು. ಹುಣಸೆ ಬೀಜದ ಅಂಟು ಮತ್ತು ಮಸಿ ಬಳಿದ ಕಪ್ಪು ಬಟ್ಟೆಯ ಮೇಲೆ ಬಳಪದಿಂದ ಬರೆದ ಪುಸ್ತಕಗಳವು. ಅವುಗಳಲ್ಲಿ ವಿಜಯನಗರ ಕಾಲದ ರೇಖೆ, ಕೆಳದಿ ನಾಯಕರ ಶಿಸ್ತು, ಅದರ ಮೇಲೆ ಹೈದರ್ ಮತ್ತು ಟಿಪ್ಪು ಕಾಲದಲ್ಲಿ ಸೇರಿಸಿದ ಶಾಮಿಲು ಎಂಬ ತೆರಿಗೆಯ ಲೆಕ್ಕಗಳಿದ್ದವು. ಈ ಹೆಚ್ಚುವರಿಯಲ್ಲಿ ಒಂದು ಭಾಗವನ್ನು ಮಾತ್ರ ಬಿಟ್ಟು ಮನ್ರೋ ಕಂದಾಯ ಗೊತ್ತುಮಾಡಿದರು. ತಹಶೀಲ್ದಾರ್, ಜಮಾಬಂದಿ ಮೊದಲಾದ ಮಾತುಗಳು ಹಿಂದಿನ ಆಡಳಿತದವು, ಹಾಗೆಯೇ ಮುಂದುವರಿದವು. ರೈತ ಎಂಬ ಮಾತು ಕೂಡ ಅರಬಿಯ ರಈಯ್ಯ ಎಂಬ ಶಬ್ದದಿಂದ ಬಂದದ್ದು. ಅಲ್ಲಿ ಅದರ ಅರ್ಥ ಪ್ರಜೆ, ಅಂದರೆ ಆಳುವವನು ಕಾಯಬೇಕಾದವನು.

ಇಲ್ಲಿಯೇ ಮುಖ್ಯವಾದ ವಿಷಯವಿದೆ. ಸರಕಾರ ನೇರವಾಗಿ ರೈತನಿಂದ ಕಂದಾಯ ಪಡೆಯುವುದು, ನಡುವೆ ಜಮೀನ್ದಾರ ಇರಬಾರದು ಎಂಬುದು ರೈತವಾರಿ ಎಂದು ನಾವು ಓದಿದ್ದೇವೆ. ಆದರೆ ನಮ್ಮ ಜಿಲ್ಲೆಯಲ್ಲಿ ಕಡತದಲ್ಲಿ ಹೆಸರಿದ್ದವನು ವರ್ಗದಾರ, ಅಂದರೆ ಭೂಮಿಯ ಒಡೆಯ. ಮನ್ರೋ ಅವನ ಹಕ್ಕನ್ನು ಒಪ್ಪಿ ಅವನನ್ನೇ ರೈತ ಎಂದು ಬರೆದುಕೊಂಡರು. ಅವನ ಗದ್ದೆಯನ್ನು ಉಳುತ್ತಿದ್ದ ಚಾಲಗೇಣಿಯ ಒಕ್ಕಲು ಆ ಲೆಕ್ಕಕ್ಕೆ ಬರಲಿಲ್ಲ. ಗೇಣಿ ಏರಿಸಿದರೆ ಕೊಡಬೇಕು, ಬಿಡು ಎಂದರೆ ಬಿಡಬೇಕು.

ಒಂದು ವರ್ಷದ ಬಳಿಕ, 1800ರಲ್ಲಿ, ಮನ್ರೋ ಬಳ್ಳಾರಿ, ಅನಂತಪುರ, ಕಡಪ ಸೀಮೆಗೆ ಹೋದರು. ಅಲ್ಲಿ ಏಳು ವರ್ಷ ದುಡಿದು, ಕಂದಾಯವನ್ನು ಕಾಲು ಭಾಗ ಇಳಿಸಬೇಕೆಂದು 1807ರಲ್ಲಿ ಸಲಹೆ ಕೊಟ್ಟರು. ಆಗ ಅದು ಜಾರಿಯಾಗಲಿಲ್ಲ. 1820ರಲ್ಲಿ ಮದ್ರಾಸಿನ ಗವರ್ನರ್ ಆದರು. 1822ರಲ್ಲಿ ಶಾಲೆಗಳ ಲೆಕ್ಕ ತೆಗೆಸಿದಾಗ ಮದ್ರಾಸ್ ಪ್ರಾಂತ್ಯದಲ್ಲಿ 12,498 ದೇಶೀ ಶಾಲೆಗಳಿರುವುದು ತಿಳಿಯಿತು. ಬ್ರಿಟಿಷರು ಬರುವ ಮೊದಲು ಇಲ್ಲಿ ಓದು ಇರಲಿಲ್ಲ ಎನ್ನುವವರಿಗೆ ಇದು ಒಳ್ಳೆಯ ಉತ್ತರ. ನಮ್ಮ ಕೆನರಾದ ಲೆಕ್ಕ ಅದರಲ್ಲಿ ಸೇರಲಿಲ್ಲ. ಇಲ್ಲಿ ಓದು ಮನೆಗಳಲ್ಲೇ ನಡೆಯುತ್ತದೆ ಎಂದು ಆಗಿನ ಕಲೆಕ್ಟರ್ ತಿಳಿಸಿದ್ದರು. ಭಾರತೀಯರನ್ನು ದೊಡ್ಡ ಹುದ್ದೆಗಳಿಂದ ದೂರ ಇಡುವುದು ತಪ್ಪು, ಅದರಿಂದ ಜನರ ಸ್ವಾಭಿಮಾನ ಕುಗ್ಗುತ್ತದೆ ಎಂದೂ ಮನ್ರೋ ಕಂಪನಿಗೆ ಬರೆದರು. 1827ರ ಜುಲೈ 6ರಂದು, ಊರಿಗೆ ಹೊರಡುವ ಮೊದಲು ಕೊನೆಯ ಪ್ರವಾಸದಲ್ಲಿದ್ದಾಗ, ಪತ್ತಿಕೊಂಡದಲ್ಲಿ ಕಾಲರಾದಿಂದ ತೀರಿಕೊಂಡರು. ಕುದುರೆಯ ಮೇಲೆ ಕುಳಿತ ಅವರ ಪ್ರತಿಮೆ ಚೆನ್ನೈಯಲ್ಲಿ ಇಂದಿಗೂ ಇದೆ.

ಅವರು ಹೋದ ಮೇಲೂ ನಮ್ಮ ಜಿಲ್ಲೆಯ ದುಃಖ ತೀರಲಿಲ್ಲ. ಉಪ್ಪು ಮತ್ತು ಹೊಗೆಸೊಪ್ಪಿನ ವ್ಯಾಪಾರ ಕಂಪನಿಯ ಕೈಯಲ್ಲಿತ್ತು. 1830-31ರಲ್ಲಿ ರೈತರು ಕೂಟ ಸೇರಿ ಕಂದಾಯ ನಿಲ್ಲಿಸಿದರು. 1837ರಲ್ಲಿ ಕೆದಂಬಾಡಿ ರಾಮಯ್ಯ ಗೌಡ ಮೊದಲಾದವರ ಮುಂದಾಳುತನದಲ್ಲಿ ಸುಳ್ಯದಿಂದ ಹೊರಟ ದಂಡು ಮಂಗಳೂರನ್ನು ಕೆಲವು ದಿನ ವಶಪಡಿಸಿಕೊಂಡಿತು. ಬ್ರಿಟಿಷರು ಅದನ್ನು ತುಳಿದುಹಾಕಿದರು. 1947ರಲ್ಲಿ ಅವರೂ ಹೋದರು. ಆದರೆ ಗೇಣಿ ಹೋಗಲಿಲ್ಲ.

ನನ್ನ ಅಜ್ಜನೂ ಗೇಣಿ ಒಕ್ಕಲು. ಮಳೆ ಕೈಕೊಟ್ಟ ವರ್ಷವೂ ಗೇಣಿ ಅಕ್ಕಿಯ ಮುಡಿಯನ್ನು ಹೊತ್ತು ಒಡೆಯರ ಅಂಗಳಕ್ಕೆ ಹೋಗುತ್ತಿದ್ದರು ಎಂದು ಅಜ್ಜಿ ಹೇಳುತ್ತಾರೆ. ದೇವರಾಜ ಅರಸರ ಸರಕಾರ ತಿದ್ದಿದ ಭೂಸುಧಾರಣಾ ಕಾಯ್ದೆ 1974ರ ಮಾರ್ಚ್ 1ರಂದು ಜಾರಿಗೆ ಬಂತು. ಅಜ್ಜ ಡಿಕ್ಲರೇಶನ್ ಕೊಟ್ಟರು. ಸಾಕ್ಷಿಗೆ ಕೇಳಿದರೆ ತೋರಿಸಲು ಅವರಲ್ಲಿ ಒಂದು ಚೀಟಿಯೂ ಇರಲಿಲ್ಲ. ಪಕ್ಕದ ಗದ್ದೆಯವರು ಬಂದು ನುಡಿದ ಮೇಲೆ ಆ ಗದ್ದೆ ನಮ್ಮ ಹೆಸರಿಗಾಯಿತು. 1799ರಿಂದ ಲೆಕ್ಕ ಹಾಕಿದರೆ 175 ವರ್ಷ.

ಮನ್ರೋ ಕ್ರೂರಿಯಾಗಿರಲಿಲ್ಲ. ಕಂಪನಿಯ ಅಧಿಕಾರಿಗಳಲ್ಲಿ ಅವರಷ್ಟು ಜನರ ನಡುವೆ ತಿರುಗಿದವರು ಕಡಿಮೆ. ಆದರೂ ಅವರನ್ನು ಇಲ್ಲಿಗೆ ಕಳಿಸಿದ್ದು ಕಂದಾಯಕ್ಕಾಗಿ. ಹಾಗಾಗಿ ಕಂದಾಯ ಕೊಡುವವನು ಅವರಿಗೆ ಕಂಡ, ಉಳುವವನು ಕಾಣಲಿಲ್ಲ. ವಸಾಹತು ಆಡಳಿತ ಅನ್ಯಾಯವೆನ್ನುವುದಕ್ಕೆ ಕೆಟ್ಟ ಅಧಿಕಾರಿಗಳ ಕಥೆಯೇ ಬೇಕಾಗಿಲ್ಲ, ಒಳ್ಳೆಯ ಅಧಿಕಾರಿಯ ಈ ಕಥೆಯೇ ಸಾಕು ಎಂದು ನನಗೆ ಅನಿಸುತ್ತದೆ. ನಮ್ಮಲ್ಲಿ ಕೆಲವರು ಮುಂದೆ ಗ್ರಾಮ ಆಡಳಿತಾಧಿಕಾರಿಗಳು, ತಹಶೀಲ್ದಾರರು ಆಗಬಹುದು, ಜಿಲ್ಲಾಧಿಕಾರಿಯೂ ಆಗಬಹುದು. ಆಗ ಪುಸ್ತಕದಲ್ಲಿ ಯಾರ ಹೆಸರಿದೆ ಎಂದು ನೋಡುವುದರ ಜೊತೆಗೆ ಯಾರ ಹೆಸರು ಬಿಟ್ಟುಹೋಗಿದೆ ಎಂದೂ ಕೇಳಬೇಕು.