ಮಾಂಟೆಸರಿ ಅನ್ನೋದು ಒಬ್ಬ ತಾಯಿಯ ಹೆಸರು

ನಮ್ಮೂರುಗಳಲ್ಲಿ ಮಾಂಟೆಸರಿ ಅಂದ್ರೆ ಎಲ್‌ಕೆಜಿಗಿಂತ ಒಂದು ಮೆಟ್ಟಿಲು ಕೆಳಗಿನ ಕ್ಲಾಸು. ಅದು ಒಬ್ಬ ಹೆಂಗಸಿನ ಹೆಸರು ಅಂತ ನನಗೆ ಗೊತ್ತಾಗಿದ್ದು ಮನುಕಾವ್‌ಗೆ ಬಂದು, ಮಗಳು ಹುಟ್ಟಿದ ಮೇಲೆ. ನನಗೆ ಗೋದಾಮಿನಲ್ಲಿ ರಾತ್ರಿ ಪಾಳಿ, ನನ್ನಾಕೆಗೆ ಹಗಲು ಪಾಳಿ. ಕೂಸನ್ನು ಊರಿಗೆ, ಅಜ್ಜಿ ಹತ್ರ ಕಳಿಸೋಣವೇ ಅನ್ನೋ ಮಾತು ನಮ್ಮಂಥ ಎಷ್ಟೋ ಮನೆಗಳಲ್ಲಿ ಬರುತ್ತೆ. ನಮ್ಮಲ್ಲೂ ಬಂತು. ಆ ದಿನಗಳಲ್ಲೇ ಈಕೆಯ ಬದುಕಿನ ಬಗ್ಗೆ ಓದಿದೆ.

ಮಾರಿಯಾ ಮಾಂಟೆಸರಿ ಹುಟ್ಟಿದ್ದು 1870ರ ಆಗಸ್ಟ್ 31ರಂದು, ಇಟಲಿಯ ಕಿಯಾರವಾಲೆಯಲ್ಲಿ. ಡಾಕ್ಟರ್ ಆಗ್ತೀನಿ ಅಂದಾಗ ಅಪ್ಪ ಒಪ್ಪಲಿಲ್ಲ. ಗಂಡಸರ ಜೊತೆ ನಿಂತು ಹೆಣ ಕುಯ್ಯುವುದು ಹೆಣ್ಣಿಗೆ ಸಲ್ಲದು ಎಂದು, ಎಲ್ಲರೂ ಹೋದ ಮೇಲೆ ಒಬ್ಬಳೇ ಕಲಿಯಬೇಕಾಯಿತು. 1896ರಲ್ಲಿ ರೋಮ್ ವಿಶ್ವವಿದ್ಯಾಲಯದಿಂದ ವೈದ್ಯೆಯಾಗಿ ಹೊರಬಂದರು.

1898ರಲ್ಲಿ ಒಬ್ಬ ಮಗ ಹುಟ್ಟಿದ, ಮಾರಿಯೋ. ತಂದೆ ಜೊತೆಗೆ ಕೆಲಸ ಮಾಡುತ್ತಿದ್ದ ಡಾಕ್ಟರ್ ಮೊಂಟೆಸಾನೊ. ಮದುವೆ ಆಗಿರಲಿಲ್ಲ. ವಿಷಯ ಹೊರಗೆ ಬಿದ್ದರೆ ಕೆಲಸ, ಮರ್ಯಾದೆ ಎರಡೂ ಹೋಗುತ್ತಿತ್ತು. ಕೂಸನ್ನು ಹಳ್ಳಿಯ ಮನೆಯೊಂದರಲ್ಲಿ ಸಾಕಲು ಬಿಟ್ಟರು. ಆಗಾಗ ಹೋಗಿ ನೋಡಿ ಬರುತ್ತಿದ್ದರು. ಈ ಹೆಂಗಸು ಯಾರು ಅಂತ ಹುಡುಗನಿಗೆ ಗೊತ್ತಿರಲಿಲ್ಲ. ಮೊಂಟೆಸಾನೊ ಬೇರೆಯವರನ್ನು ಮದುವೆಯಾದರು. ಲೋಕಕ್ಕೆಲ್ಲ ಮಗುವಿನ ಪಾಠ ಹೇಳಿದವರು ತಮ್ಮ ಮಗುವನ್ನು ಸಾಕಲಿಲ್ಲ ಎಂದು ಆಡಿಕೊಳ್ಳುವವರು ಈಗಲೂ ಇದ್ದಾರೆ. ಹೊಟ್ಟೆಪಾಡಿಗೆ ಸಮುದ್ರ ದಾಟಿದ ನಮಗೆ ಹಾಗೆ ಆಡಿಕೊಳ್ಳಲು ಬಾಯಿ ಬರೋದಿಲ್ಲ.

1907ರ ಜನವರಿ 6ರಂದು ರೋಮ್‌ನ ಸ್ಯಾನ್ ಲೊರೆಂಜೊ ಎಂಬ ಬಡ ಬಡಾವಣೆಯಲ್ಲಿ ಅವರ ಮೊದಲ ಮಕ್ಕಳ ಮನೆ ಶುರುವಾಯಿತು. ಕಾರಣ ಕೇಳಿದರೆ ನಮ್ಮದೇ ಕತೆ. ಅಪ್ಪ ಅಮ್ಮ ಕೂಲಿಗೆ ಹೋದರೆ ಸಣ್ಣ ಮಕ್ಕಳು ಮೆಟ್ಟಿಲ ಮೇಲೆ ಓಡಾಡಿ ಗೋಡೆ ಗೀಚಿ ಹಾಳು ಮಾಡುತ್ತಿದ್ದವು. ಕಟ್ಟಡದವರು ಒಂದು ಕೋಣೆ ಕೊಟ್ಟು ನೋಡಿಕೊಳ್ಳಿ ಅಂದರು. ಅಲ್ಲಿ ಒಮ್ಮೆ ಸದ್ದಾಗದಂತೆ ಮೂಗು ಸೀನುವುದನ್ನು ತೋರಿಸಿಕೊಟ್ಟಾಗ ಮಕ್ಕಳು ಚಪ್ಪಾಳೆ ತಟ್ಟಿದವಂತೆ. ಮೂಗು ಸುರಿಸುತ್ತೀ ಅಂತ ಬೈಯುವವರೇ ಎಲ್ಲ, ಹೇಗೆ ಒರೆಸಿಕೊಳ್ಳಬೇಕು ಅಂತ ಯಾರೂ ತೋರಿಸಿರಲಿಲ್ಲ. ಇನ್ನೊಂದು ದಿನ ಅಂಗಳದಲ್ಲಿದ್ದ ತಾಯಿಯಿಂದ ನಾಲ್ಕು ತಿಂಗಳ ಕೂಸನ್ನು ಎತ್ತಿಕೊಂಡು ಒಳಗೆ ಬಂದು, ಇದರಷ್ಟು ಸುಮ್ಮನೆ ಇರಬಲ್ಲಿರಾ ಎಂದು ಮಕ್ಕಳನ್ನು ಕೇಳಿದರು. ಕೋಣೆ ನಿಶ್ಶಬ್ದವಾಯಿತು.

ಅದೇ 1907ರಲ್ಲಿ ನ್ಯೂಜಿಲೆಂಡ್‌ನ ಡ್ಯುನೆಡಿನ್‌ನಲ್ಲಿ ಡಾಕ್ಟರ್ ಟ್ರೂಬಿ ಕಿಂಗ್ ಪ್ಲಂಕೆಟ್ ಸಂಸ್ಥೆ ಕಟ್ಟಿದರು. ಇಲ್ಲಿ ಹಸುಗೂಸು ಇರುವ ನಮಗೆ ಆ ಹೆಸರು ಚೆನ್ನಾಗಿ ಗೊತ್ತು. ಗಡಿಯಾರ ನೋಡಿ ನಾಲ್ಕು ಗಂಟೆಗೊಮ್ಮೆ ಹಾಲು, ಮುದ್ದು ಕಮ್ಮಿ ಅನ್ನೋದು ಕಿಂಗ್ ಪಾಠ. ಮಾಂಟೆಸರಿಯವರು ಕೂಸನ್ನೇ ನೋಡಿ ಅಂದರು. ಪ್ಲಂಕೆಟ್‌ನವರೂ ಆ ಹಳೇ ಪಾಠ ಬಿಟ್ಟು ಬಹಳ ಕಾಲವಾಯಿತು.

1912ರಲ್ಲಿ ಮಾಂಟೆಸರಿಯವರ ತಾಯಿ ತೀರಿಕೊಂಡರು. ಅದಾದ ಮೇಲೆ ಹದಿನೈದರ ಹುಡುಗ ಮಾರಿಯೋ ಬಂದು ತಾಯಿ ಜೊತೆ ಸೇರಿಕೊಂಡ. ಹೊರಗೆ ಮಾತ್ರ ಸಂಬಂಧಿ, ಸಾಕುಮಗ ಎಂದೇ ಪರಿಚಯ.

1939ರಲ್ಲಿ ಕೆಲವು ತಿಂಗಳಿಗೆಂದು ಇಬ್ಬರೂ ಮದರಾಸಿನ ಅಡ್ಯಾರ್‌ಗೆ ಬಂದರು. ಯುದ್ಧದಲ್ಲಿ ಸಿಕ್ಕಿಕೊಂಡು ಇದ್ದದ್ದು 1946ರವರೆಗೆ. (ಎರಡು ವರ್ಷಕ್ಕೆಂದು ಬಂದ ನಮ್ಮ ಹಾಗೇ!) 1940ರಲ್ಲಿ ಇಟಲಿ ಯುದ್ಧಕ್ಕಿಳಿದಾಗ ಬ್ರಿಟಿಷರು ಮಾರಿಯೋನನ್ನು ಶಿಬಿರದಲ್ಲಿಟ್ಟರು. ತಾಯಿಗೆ ಎಪ್ಪತ್ತು ತುಂಬಿದ ದಿನ ವೈಸ್‌ರಾಯ್ ತಂತಿ ಕಳಿಸಿ ಬಿಡುಗಡೆ ಮಾಡಿದರು. ಆ ತಂತಿಯಲ್ಲಿ ಮಾರಿಯೋನನ್ನು ಅವರ ಮಗ ಎಂದೇ ಬರೆದಿತ್ತು.

ಹುಟ್ಟಿನಿಂದ ಮೂರು ವರ್ಷದವರೆಗಿನ ಕೂಸಿನ ಬಗ್ಗೆ ಅವರ ವಿಚಾರ ಮಾಗಿದ್ದು ಈ ಭಾರತದ ವರ್ಷಗಳಲ್ಲೇ, ಅಡ್ಯಾರ್, ಕೊಡೈಕನಾಲ್‌ಗಳಲ್ಲಿ. ಸಂತೆಗೂ ಕೆಲಸಕ್ಕೂ ಕೂಸನ್ನು ಕಂಕುಳಲ್ಲಿ ಹೊತ್ತೊಯ್ಯುವ ತಾಯಂದಿರು ಅವರಿಗೆ ಬಹಳ ಮೆಚ್ಚು. ಕೂಸು ಎಲ್ಲ ಕೇಳುತ್ತೆ, ನೋಡುತ್ತೆ, ಭಾಷೆಯನ್ನು ಹೀರಿಕೊಳ್ಳುತ್ತೆ. 1949ರಲ್ಲಿ ಅಡ್ಯಾರ್‌ನಿಂದಲೇ ಬಂದ ಅವರ ಪುಸ್ತಕದ ತಿರುಳು ಇದು.

ನಾವು ಮಗಳನ್ನು ಊರಿಗೆ ಕಳಿಸಲಿಲ್ಲ. ಕಟ್ಟುಗಂಬಿಯ ಮಂಚ ಕೂಸಿಗೆ ಪಂಜರ ಅಂತ ಅವರ ಅಭಿಪ್ರಾಯ, ಹಾಗಾಗಿ ಗಟ್ಟಿ ಹಾಸಿಗೆ ನೆಲದ ಮೇಲೆ. ಅಂಗಾತ ಮಲಗಿಸಬೇಕು, ಸುತ್ತ ದಿಂಬು ಇಡಬಾರದು. ಇಲ್ಲಿನ ಬಾಡಿಗೆ ಮನೆ ಥಂಡಿ, ಬೆಳಗ್ಗೆ ಹಾಸಿಗೆ ಎತ್ತಿ ನಿಲ್ಲಿಸದಿದ್ದರೆ ತಳದಲ್ಲಿ ಬೂಷ್ಟು. ಕೈಗೆ ಮರದ ಸೌಟು, ಸ್ಟೀಲ್ ಬಟ್ಟಲು, ಒಂದೊಂದೇ. ಗಂಟಲಲ್ಲಿ ಸಿಕ್ಕುವಷ್ಟು ಸಣ್ಣದು ಬೇಡ. ಈರುಳ್ಳಿ ಹೆಚ್ಚುವಾಗ ಪಕ್ಕದಲ್ಲಿ ಕೂರಿಸಿಕೊಂಡು ಕನ್ನಡದಲ್ಲೇ ಮಾತು. ನನಗೆ ಕಷ್ಟವಾದದ್ದು ಒಂದೇ. ತನ್ನ ಕೈಯನ್ನೇ ತಾನು ನೋಡುತ್ತಾ ಮಲಗಿರುವ ಕೂಸನ್ನು ಮಾತಾಡಿಸದೆ ಬಿಡೋದು. ರಾತ್ರಿಯೆಲ್ಲ ಕೆಲಸ ಮಾಡಿ ಬಂದವನಿಗೆ ಎತ್ತಿಕೊಳ್ಳಬೇಕು ಅನಿಸುತ್ತೆ. ಅದು ಅದರ ಕೆಲಸದಲ್ಲಿದೆ, ಮುಗಿಯಲಿ ಅಂತ ಬಾಗಿಲಲ್ಲೇ ನಿಂತಿರ್ತೀನಿ.

ಮಾಂಟೆಸರಿಯವರು 1952ರ ಮೇ 6ರಂದು ನೆದರ್‌ಲ್ಯಾಂಡ್ಸ್‌ನ ನೋರ್ಡ್‌ವೈಕ್‌ನಲ್ಲಿ ತೀರಿಕೊಂಡರು. ಸಮಾಧಿಯೂ ಅಲ್ಲೇ. ಅವರು ಕಟ್ಟಿದ ಸಂಸ್ಥೆಯನ್ನು ಆಮೇಲೆ ನಡೆಸಿದ್ದು ಮಾರಿಯೋ, 1982ರಲ್ಲಿ ತಾನು ಸಾಯುವವರೆಗೂ.