ಶಾಲೆಗಾಗಿ ತೆರಿಗೆ ಕೇಳಿದ ಮೇಷ್ಟ್ರು: ಗೋಪಾಲಕೃಷ್ಣ ಗೋಖಲೆ

ಈ ಶಾಲೆಯಲ್ಲಿ ಸಮಾಜ ವಿಜ್ಞಾನ ಪಾಠ ಮಾಡುತ್ತಿದ್ದಾಗ ನಾನು ಗೋಪಾಲಕೃಷ್ಣ ಗೋಖಲೆಯವರನ್ನು ಎರಡೇ ಮಾತಿನಲ್ಲಿ ಮುಗಿಸಿಬಿಡುತ್ತಿದ್ದೆ: ಕಾಂಗ್ರೆಸ್ಸಿನ ಮಂದಗಾಮಿ ನಾಯಕರು, ಗಾಂಧೀಜಿಯವರ ರಾಜಕೀಯ ಗುರುಗಳು. ಪರೀಕ್ಷೆಗೆ ಅಷ್ಟು ಸಾಕಾಗುತ್ತಿತ್ತು. ಊರಿನ ತೆರಿಗೆ ಊರಿನ ಮಕ್ಕಳ ಶಾಲೆಗೆ ಸಲ್ಲಬೇಕೆಂದು ಅವರು ಪಟ್ಟ ಪಾಡನ್ನು ಮಕ್ಕಳಿಗೆ ಹೇಳಲೇ ಇಲ್ಲ. ಸುವರ್ಣ ಮಹೋತ್ಸವದ ಈ ಸಂಚಿಕೆಯಲ್ಲಿ ಆ ಬಾಕಿ ತೀರಿಸುತ್ತಿದ್ದೇನೆ.

ಗೋಖಲೆಯವರು ಹುಟ್ಟಿದ್ದು 1866ರ ಮೇ 9ರಂದು, ರತ್ನಾಗಿರಿ ಜಿಲ್ಲೆಯ ಕೋತಳೂಕ್ ಎಂಬ ಹಳ್ಳಿಯ ಬಡ ಕುಟುಂಬದಲ್ಲಿ. ಚಿಕ್ಕಂದಿನಲ್ಲೇ ತಂದೆ ತೀರಿಕೊಂಡರು. ಅಣ್ಣ ಗೋವಿಂದರಾಯರು ಓದು ಬಿಟ್ಟು ತಿಂಗಳಿಗೆ 15 ರೂಪಾಯಿಯ ನೌಕರಿಗೆ ಸೇರಿದರು. ಅದರಲ್ಲಿ 8 ರೂಪಾಯಿ ತಮ್ಮನ ಓದಿಗೆ ಹೋಗುತ್ತಿತ್ತು, ಉಳಿದ 7 ರೂಪಾಯಿಯಲ್ಲಿ ಸಂಸಾರ ನಡೆಯಬೇಕಿತ್ತು. ಒಬ್ಬ ಮಗ ಓದಲೆಂದು ಇನ್ನೊಬ್ಬ ಮಗ ಶಾಲೆ ಬಿಟ್ಟ ಮನೆ ಅದು. ಅಂಥ ಮನೆಗಳು ನಮ್ಮೂರಿನಲ್ಲೂ ಇದ್ದವು ಎಂಬುದು ನಮ್ಮ ಹಿರಿಯ ವಿದ್ಯಾರ್ಥಿಗಳಿಗೆ ಗೊತ್ತು.

1884ರಲ್ಲಿ ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜಿನಿಂದ ಬಿ.ಎ. ಪದವಿ ಪಡೆದಾಗ ಗೋಖಲೆಯವರಿಗೆ 18 ವರ್ಷ. ದೊಡ್ಡ ಸಂಬಳದ ಹಿಂದೆ ಹೋಗದೆ ಪುಣೆಯ ಡೆಕ್ಕನ್ ಎಜುಕೇಶನ್ ಸೊಸೈಟಿ ಸೇರಿ ಮೇಷ್ಟ್ರಾದರು. ಅಲ್ಪ ಸಂಬಳಕ್ಕೆ 20 ವರ್ಷ ದುಡಿಯುವುದು ಅಲ್ಲಿನ ಸದಸ್ಯರ ಕಟ್ಟುಪಾಡು. ಫರ್ಗ್ಯುಸನ್ ಕಾಲೇಜಿನಲ್ಲಿ ಗಣಿತ, ಇಂಗ್ಲಿಷ್, ಇತಿಹಾಸ, ಅರ್ಥಶಾಸ್ತ್ರ ಕಲಿಸಿದರು. ಅವರು ಬರೆದ ಅಂಕಗಣಿತದ ಪುಸ್ತಕ ಎಷ್ಟೋ ಶಾಲೆಗಳಲ್ಲಿ ಪಠ್ಯವಾಯಿತು.

ಆ ಲೆಕ್ಕದ ಮೇಷ್ಟ್ರು ಮುಂದೆ ಸರ್ಕಾರದ ಲೆಕ್ಕವನ್ನೇ ಕೈಗೆತ್ತಿಕೊಂಡರು. ವೈಸರಾಯರ ಶಾಸನಸಭೆಯ ಸದಸ್ಯರಾಗಿ 1902ರ ಆಯವ್ಯಯದ ಚರ್ಚೆಯಲ್ಲಿ, ಖಜಾನೆಯಲ್ಲಿ ಹಣ ಮಿಗುತ್ತಿರುವುದು ಜನ ಸುಖವಾಗಿರುವುದಕ್ಕಲ್ಲ, ಅವರಿಂದ ಬೇಕಾದ್ದಕ್ಕಿಂತ ಹೆಚ್ಚು ಎತ್ತುತ್ತಿರುವುದಕ್ಕೆ ಎಂದು ತೋರಿಸಿದರು. ಉಪ್ಪಿನ ಮೇಲಿನ ತೆರಿಗೆ ಇಳಿಸಬೇಕೆಂದು ಒತ್ತಾಯಿಸಿದರು. 1903ರಿಂದ ಅದು ಹಂತಹಂತವಾಗಿ ಇಳಿಯಿತು. ಪುಣೆ ಪುರಸಭೆಯ ಸದಸ್ಯರೂ ಅಧ್ಯಕ್ಷರೂ ಆಗಿ, ಊರಿನ ಆಡಳಿತ ಹೇಗೆ ನಡೆಯುತ್ತದೆ, ಹಣ ಎಲ್ಲಿ ಸಾಲದೆ ಬರುತ್ತದೆ ಎಂಬುದನ್ನು ಒಳಗಿನಿಂದಲೇ ಕಂಡರು.

ಈ ಎಲ್ಲ ಅನುಭವದ ಫಲವೇ 1911ರ ಮಾರ್ಚಿಯಲ್ಲಿ ಅವರು ಮಂಡಿಸಿದ ಪ್ರಾಥಮಿಕ ಶಿಕ್ಷಣ ಮಸೂದೆ. ಆಗ ದೇಶದಲ್ಲಿ ಓದುಬರಹ ಬಲ್ಲವರು ನೂರಕ್ಕೆ ಸುಮಾರು ಆರು ಜನ. ಯಾವ ಪುರಸಭೆ ಅಥವಾ ಜಿಲ್ಲಾ ಬೋರ್ಡು ಸಿದ್ಧವಿದೆಯೋ ಅದು ಸರ್ಕಾರದ ಅನುಮತಿ ಪಡೆದು, 6ರಿಂದ 10 ವರ್ಷದ ಗಂಡುಮಕ್ಕಳಿಗೆ ತನ್ನ ವ್ಯಾಪ್ತಿಯಲ್ಲಿ ಶಾಲೆ ಕಡ್ಡಾಯ ಮಾಡಬಹುದು. ಹೆಣ್ಣುಮಕ್ಕಳಿಗೂ ಅದನ್ನು ಮುಂದೆ ವಿಸ್ತರಿಸಬಹುದು. ಖರ್ಚಿಗೆ ಶಿಕ್ಷಣ ತೆರಿಗೆ ಹಾಕಬಹುದು. ಊರಿನ ಪಾಲು ಮೂರರಲ್ಲಿ ಒಂದು, ಸರ್ಕಾರದ್ದು ಮೂರರಲ್ಲಿ ಎರಡು ಎಂಬುದು ಅವರ ಸೂಚನೆ. ತಿಂಗಳಿಗೆ 10 ರೂಪಾಯಿ ಮೀರದ ಆದಾಯದ ಮನೆಯ ಮಕ್ಕಳಿಗೆ ಫೀಜು ಇಲ್ಲ. ಮಕ್ಕಳು ಶಾಲೆಗೆ ಬರುವುದನ್ನು ನೋಡಿಕೊಳ್ಳಲು ಹಾಜರಾತಿ ಸಮಿತಿಗಳು.

ವಿರೋಧ ಎಲ್ಲ ಕಡೆಯಿಂದಲೂ ಬಂತು. ಹಣವಿಲ್ಲ, ಜನ ಸಿದ್ಧರಿಲ್ಲ ಎಂದಿತು ಸರ್ಕಾರ. ಹೊಲದ ಕೆಲಸಕ್ಕೆ ಆಳು ಸಿಗುವುದಿಲ್ಲವೆಂದು ಕೆಲವು ಜಮೀನುದಾರರು ಹೆದರಿದರು. ಹೊಸ ತೆರಿಗೆ ಬೇಡವೆಂದವರು ನಮ್ಮವರಲ್ಲೂ ಇದ್ದರು. 1912ರ ಮಾರ್ಚಿಯಲ್ಲಿ ಮಸೂದೆ 13ಕ್ಕೆ 38 ಮತಗಳಿಂದ ಬಿದ್ದುಹೋಯಿತು. 1915ರ ಫೆಬ್ರುವರಿ 19ರಂದು, ಐವತ್ತು ತುಂಬುವ ಮೊದಲೇ, ಗೋಖಲೆಯವರು ಕಣ್ಮುಚ್ಚಿದರು.

ಆದರೆ ಅವರ ವಿಚಾರ ಉಳಿಯಿತು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1913ರಲ್ಲಿ, ಮೈಸೂರು ಸಂಸ್ಥಾನ ಪ್ರಾಥಮಿಕ ಶಿಕ್ಷಣದ ಕಾಯಿದೆ ತಂದಿತು. 1918ರಲ್ಲಿ ಮುಂಬಯಿ ಪ್ರಾಂತ್ಯದ ಪುರಸಭೆಗಳಿಗೆ ಶಿಕ್ಷಣವನ್ನು ಕಡ್ಡಾಯಗೊಳಿಸುವ ಅಧಿಕಾರ ಸಿಕ್ಕಿತು. ಬೆಳಗಾವಿ, ಧಾರವಾಡಗಳು ಆಗ ಆ ಪ್ರಾಂತ್ಯದಲ್ಲೇ ಇದ್ದವು. 2009ರಲ್ಲಿ ದೇಶಕ್ಕೆ ಶಿಕ್ಷಣ ಹಕ್ಕಿನ ಕಾಯಿದೆ ಬಂತು.

ಇಂದು ನಮ್ಮ ಶಾಲೆಗೆ ಸರ್ಕಾರವೇ ಸಂಬಳ ಕೊಡುತ್ತದೆ. ಹಾಗಾಗಿ ಶಾಲೆ ಸರ್ಕಾರದ್ದು ಎಂದು ನಾವು ಸುಮ್ಮನಾಗಿದ್ದೇವೆ. ಗೋಖಲೆಯವರು ಬಯಸಿದ್ದು ಪಾಲುದಾರಿಕೆಯನ್ನು: ಸರ್ಕಾರದ ಹೆಗಲು ದೊಡ್ಡದು, ಆದರೆ ಊರಿನ ಹೆಗಲೂ ಇರಲೇಬೇಕು. ಮುಂದಿನ ಗ್ರಾಮಸಭೆಯಲ್ಲಿ, ಶಾಲಾಭಿವೃದ್ಧಿ ಸಮಿತಿಯ ಸಭೆಯಲ್ಲಿ ನಾವೆಲ್ಲ ಕೂತು ಶಾಲೆಯ ಲೆಕ್ಕ ಕೇಳೋಣ. ಕೇಳುವ ಮೊದಲು ನಮ್ಮ ನಮ್ಮ ಮನೆಯ ಕಂದಾಯ ಕಟ್ಟಿರೋಣ.